ಬಾಗಲಕೋಟೆಯಲ್ಲಿ ಒಂದು ದಿನ ಕೂಡೋಣ

ಹೋದ ತಿಂಗಳು ಒಂದು ಮಧ್ಯಾಹ್ನ ವಿಜಯಪುರದಿಂದ ಫೋನ್ ಬಂತು. ಅಲ್ಲಿನ ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ಅಕ್ಕಾರು. “ಸರ, ಹುಡುಗನ ಹೆಸರು ಸ್ಕ್ರೀನ್ ಮ್ಯಾಲ ಕಾಣ್ತೈತ್ರಿ, ಹುಡುಕಿದ್ರ ಮಾತ್ರ ಸಿಗವಲ್ದು” ಅಂದರು. ಹೆಸರು ಸಂತೋಷ್. ನಾಲ್ಕು ದಿನದಿಂದ ಅದರ ಹಿಂದೆ ಬಿದ್ದಿದ್ದರಂತೆ.

ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಯಾಕೆಂದರೆ ಬೆಳಗಾವಿಯಲ್ಲಿ ನಮಗೂ ಇದೇ ಆಗಿತ್ತು. ‘ನುಡಿ’ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಈಗ ಎಲ್ಲ ಕಡೆ ನಡೆಯುವ ಯೂನಿಕೋಡಿಗೆ ಬದಲಿಸುವಾಗ ಕೊನೆಯ ‘ಷ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿರುತ್ತದೆ. ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು, ಕೋಡ್ ಯು+200ಸಿ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ‘ವ’ ಒತ್ತಾಗಿ ಕೆಳಗೆ ಹೋಗಬಾರದು ಅಂದರೆ ಅದು ಬೇಕೇ ಬೇಕು. ಪದದ ಕೊನೆಯಲ್ಲಿ ಅದಕ್ಕೆ ಕೆಲಸ ಇಲ್ಲ. ಆದರೆ ಕಂಪ್ಯೂಟರಿಗೆ ಅದಿರುವ ಸಂತೋಷ್ ಬೇರೆ, ಇಲ್ಲದ ಸಂತೋಷ್ ಬೇರೆ. ಹೆಸರು ಸೇವ್ ಮಾಡುವಾಗ, ಹುಡುಕುವಾಗ ಎರಡೂ ಕಡೆ ಕೊನೆಯಲ್ಲಿರುವ ಅದನ್ನು ತೆಗೆದುಹಾಕಿದರೆ ಮುಗೀತು.

ಆ ನಾಲ್ಕು ದಿನ ನನ್ನನ್ನು ಬಹಳ ಕಾಡಿತು. ನಮ್ಮ ಆಫೀಸಿನಲ್ಲಿ ಗೊತ್ತಿದ್ದ ಮಾತು ಅವರ ಆಫೀಸಿಗೆ ಹೋಗಲು ದಾರಿಯೇ ಇರಲಿಲ್ಲ. ಅವರಿಗೆ ಯಾರೋ ನನ್ನ ನಂಬರ್ ಕೊಟ್ಟರು, ಸರಿ ಹೋಯಿತು. ಕೊಡದಿದ್ದರೆ?

ಅದಕ್ಕೇ ಈಗ ನಾಲ್ಕೈದು ಜನ ಸೇರಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳ ವಿಶ್ವವಿದ್ಯಾಲಯಗಳ ಸಾಫ್ಟ್‌ವೇರ್ ಸಿಬ್ಬಂದಿಯನ್ನು ಒಂದು ದಿನ ಕೂಡಿಸಲು ಹೊರಟಿದ್ದೇವೆ. ಮೊದಲು ಬೆಳಗಾವಿಯಲ್ಲೇ ಅಂದುಕೊಂಡಿದ್ದೆವು. ಆದರೆ ನಮಗೆ ಅನುಕೂಲ ಇದ್ದದ್ದು ಡಿಸೆಂಬರ್, ಆಗ ಸುವರ್ಣಸೌಧದಲ್ಲಿ ಅಧಿವೇಶನ ಬಂತೆಂದರೆ ಊರಲ್ಲಿ ಲಾಡ್ಜ್ ಸಿಗುವುದು ಕಷ್ಟ. ಅದಕ್ಕಿಂತ ಜಾಸ್ತಿ ತೊಂದರೆ ರೈಲಿನದು. ವಿಜಯಪುರ, ಬಾಗಲಕೋಟೆ ಎರಡೂ ಗದಗ–ಹೋಟಗಿ ಲೈನಿನಲ್ಲಿವೆ, ಬೆಳಗಾವಿ ಮಾತ್ರ ಲೋಂಡಾ–ಮಿರಜ್ ಲೈನಿನಲ್ಲಿದೆ. ಹಾಗಾಗಿ ಬಾಗಲಕೋಟೆಯೇ ಸರಿ ಅನ್ನಿಸಿತು. ಜಮಖಂಡಿಯವರಿಗೂ ಹತ್ತಿರ. ನಾವು ಬೆಳಗಾವಿಯವರು ನಸುಕಿನಲ್ಲಿ ಎದ್ದು ಯರಗಟ್ಟಿ, ಲೋಕಾಪುರ ದಾಟಿ ಬಸ್ಸಿನಲ್ಲಿ ಹೋಗುತ್ತೇವೆ. ನವನಗರದಲ್ಲಿ ಒಂದು ಹಾಲ್ ಕೇಳಿದ್ದೇವೆ, ಪಕ್ಕದಲ್ಲೇ ಕಂಪ್ಯೂಟರ್ ಲ್ಯಾಬ್ ಇದೆ. ಊಟಕ್ಕೆ ರೊಟ್ಟಿ, ಎಣ್ಣೆಗಾಯಿ.

ಯಾವ ದಿನ ಅನ್ನೋದರ ಮೇಲೆ ಮಾತ್ರ ಬಹಳ ಚರ್ಚೆ ಆಯಿತು. ನಾನು ಎರಡನೇ ಶನಿವಾರ ಅಂದೆ, ಆಫೀಸಿಗೆ ರಜೆ ಇರುತ್ತದಲ್ಲ. ಅಕ್ಕಾರು ಒಪ್ಪಲಿಲ್ಲ. “ರಜಾ ದಿನ ಕರದ್ರ ಸ್ವಂತ ಖರ್ಚಿನಾಗ ಬರಬೇಕ್ರಿ. ಕೆಲಸದ ದಿನ ಸುಮ್ನ ಬಂದ್ರ ಪಗಾರ ಹೋಗ್ತೈತಿ. ನಮ್ಮಲ್ಲಿ ಭಾಳ ಮಂದಿ ಹೊರಗುತ್ತಿಗಿಯವರು” ಅಂದರು. ಇದು ನನಗೆ ಹೊಳೆದೇ ಇರಲಿಲ್ಲ. ಅವರ ಮಾತೇ ನಿಜ. ಕೌಂಟರಿನಲ್ಲಿ ಕೂತು ದಿನವೆಲ್ಲಾ ವಿದ್ಯಾರ್ಥಿಗಳ ಮುಖ ನೋಡುವವರು ಈ ಹೊರಗುತ್ತಿಗೆಯವರೇ, ಸಾಫ್ಟ್‌ವೇರ್ ಎಲ್ಲಿ ಕೈಕೊಡುತ್ತದೆ ಅಂತ ಗೊತ್ತಿರುವುದೂ ಅವರಿಗೇ. ಅವರು ಬರದಿದ್ದರೆ ಈ ಸಮ್ಮೇಳನ ಮಾಡಿ ಏನು ಪ್ರಯೋಜನ? ಹಾಗಾಗಿ ಶುಕ್ರವಾರ ಅಂತ ಮಾಡಿದೆವು. ಪ್ರತಿ ವಿಶ್ವವಿದ್ಯಾಲಯದ ಕುಲಸಚಿವರಿಗೆ ಪತ್ರ ಬರೆದು, ಬರುವವರ ಹೆಸರು ಹಾಕಿ, ಕಾಯಂ ಇರಲಿ ಗುತ್ತಿಗೆ ಇರಲಿ ಎಲ್ಲರಿಗೂ ಓಓಡಿ (ಆಫೀಸ್ ಕೆಲಸದ ಮೇಲೆ ಹೋದ ಹಾಗೆ ಹಾಜರಿ) ಕೊಡಿ, ಬಸ್ ಚಾರ್ಜ್ ಕೊಡಿ ಅಂತ ಕೇಳುತ್ತಿದ್ದೇವೆ. ಪತ್ರದ ಪ್ರತಿ ನಾವೇ ಕೈಯಲ್ಲಿ ಹಿಡಿದುಕೊಂಡು ಹೋಗುತ್ತೇವೆ, ಟಪಾಲಿಗೆ ಹಾಕಿ ಕೂತರೆ ಆಗುವುದಿಲ್ಲ.

ಉದ್ಘಾಟನೆ ಅರ್ಧ ಗಂಟೆ, ಹಾರ ತುರಾಯಿ ಬೇಡ. ಸರ್ಕಾರದ ವಿಶ್ವವಿದ್ಯಾಲಯ-ಕಾಲೇಜು ಆಡಳಿತದ ತಂತ್ರಾಂಶ ಯುಯುಸಿಎಂಎಸ್ ಬಳಸುವವರು ಇದ್ದಾರೆ, ಅದೇ ಥರದ ಸ್ವಂತ ಇಆರ್‌ಪಿ ಇಟ್ಟುಕೊಂಡವರು ಇದ್ದಾರೆ, ಗ್ರಂಥಾಲಯದಲ್ಲಿ ಕೊಹಾ ನಡೆಸುವವರು ಇದ್ದಾರೆ. ಒಬ್ಬರ ಸಾಫ್ಟ್‌ವೇರ್ ಇನ್ನೊಬ್ಬರಿಗೆ ಸಂಬಂಧವಿಲ್ಲ ಅನ್ನಿಸಬಹುದು, ಆದರೆ ಎಡವುವ ಕಲ್ಲು ಎಲ್ಲರಿಗೂ ಒಂದೇ. ವಿದ್ಯಾರ್ಥಿಗಳ ಕ್ರೆಡಿಟ್ ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಐಡಿ ನೋಡಿ, 12 ಅಂಕಿ. ಅದನ್ನು ಎಕ್ಸೆಲ್‌ನಲ್ಲಿ ತೆರೆದರೆ 1.23ಇ+11 ಅಂತ ಕಾಣುತ್ತದೆ. ಹಾಗೇ ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳ ಫೈಲ್) ಮಾಡಿ ಸೇವ್ ಮಾಡಿದರೆ ಕೊನೆಯ ಅಂಕಿಗಳು ಹೋದವು ಅಂತಲೇ ಲೆಕ್ಕ. ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಅಂತ ಮಾಡಿಕೊಂಡು ಡೇಟಾ ಒಳಗೆ ತರಬೇಕು. ಫಲಿತಾಂಶದ ರಾತ್ರಿ ಇದು ಗೊತ್ತಿಲ್ಲದೆ ಕೂತವರ ಕಷ್ಟ ನಾನು ಕಣ್ಣಾರೆ ನೋಡಿದ್ದೇನೆ.

ಮಧ್ಯಾಹ್ನ ಪೂರ್ತಿ ಇಂಥದ್ದಕ್ಕೇ ಇಟ್ಟಿದ್ದೇವೆ. ಪಿಪಿಟಿ ಬೇಡ. ಬರುವವರು ತಮ್ಮನ್ನು ಕಾಡಿದ ಒಂದು ಫೈಲ್ ತರಬೇಕು, ವಿದ್ಯಾರ್ಥಿಗಳ ಹೆಸರು, ನಂಬರ್ ಬದಲಿಸಿಕೊಂಡು. ಲ್ಯಾಬಿನಲ್ಲಿ ಎಲ್ಲರೂ ಸೇರಿ ಅದನ್ನು ಬಿಡಿಸೋಣ. ಬಿಡಿಸಿದ್ದನ್ನು ಕನ್ನಡದಲ್ಲೇ ಬರೆದಿಟ್ಟು, ಸಂಜೆ ಮನೆಗೆ ಹೋಗುವಾಗ ಪ್ರತಿಯೊಬ್ಬರಿಗೂ ಒಂದು ಪ್ರತಿ ಕೊಡುತ್ತೇವೆ, ಎಲ್ಲರ ಫೋನ್ ನಂಬರುಗಳ ಪಟ್ಟಿ ಸಮೇತ. ವಿಜಯಪುರದ ಕೊನೆಯ ಗಾಡಿಯ ಟೈಮ್ ನೋಡಿ ನಾಲ್ಕೂವರೆಗೆ ಮುಗಿಸುತ್ತೇವೆ.

ಮೊದಲು ಮಾತಾಡುವವರು ಅಕ್ಕಾರು. ಸಂತೋಷ್ ಹೆಸರಿನ ಫೈಲನ್ನೇ ತರುತ್ತೇನೆ ಅಂದಿದ್ದಾರೆ.