ಹಸಿರಿನ ಮೇಲೆ ಹಸಿರು: ವಾರ್ನರ್ ಸಿಗ್ನಲ್ ಮಾದರಿಯ ದೀಪ ಕೊನೆಗೂ ಸರಿಹೋಯಿತು

ನನ್ನ ವಾರ್ನರ್ ಸಿಗ್ನಲ್‌ನ ಎರಡು ದೀಪಗಳು ನಿನ್ನೆ ರಾತ್ರಿ ಮೊದಲ ಬಾರಿಗೆ ಒಂದೇ ಹಸಿರಿನಲ್ಲಿ ಉರಿದವು. ಮುಂದಿನ ಸ್ಟಾಪ್ ಸಿಗ್ನಲ್ ಹೇಗಿದೆ ಎಂದು ರೈಲಿನ ಡ್ರೈವರನಿಗೆ ಮುಂಚೆಯೇ ತಿಳಿಸುವ, ತೋಳಿರುವ ಹಳೆಯ ಕಾಲದ ಸಿಗ್ನಲ್ ಕಂಬವೇ ವಾರ್ನರ್; ನಾನು ಮಾಡುತ್ತಿರುವುದು ಅದರ ಪುಟ್ಟ ಮಾದರಿ. ಕಂಬ, ಏಣಿ, ತೋಳು, ತಂತಿ ಹರಿದರೆ ತೋಳನ್ನು ತಾನಾಗಿ ಅಡ್ಡಕ್ಕೆ ತರುವ ತೂಕದ ಸನ್ನೆ, ಇವೆಲ್ಲ ಮಳೆಗಾಲಕ್ಕೆ ಮುಂಚೆಯೇ ಮುಗಿದಿದ್ದವು. ಹಿತ್ತಾಳೆ ಪಟ್ಟಿ ಕತ್ತರಿಸುವುದು, ಬೆಸುಗೆ ಹಾಕುವುದು, ಪ್ರೈಮರ್ ಬಳಿಯುವುದು ಈ ಹವ್ಯಾಸದವರಿಗೆಲ್ಲ ಗೊತ್ತಿರುವ ಕೆಲಸ. ಅದನ್ನು ಇಲ್ಲಿ ವಿವರಿಸುವುದಿಲ್ಲ. ಅಷ್ಟೂ ಕೆಲಸಕ್ಕೆ ಹಿಡಿದದ್ದಕ್ಕಿಂತ ಹೆಚ್ಚು ಸಮಯವನ್ನು ತಿಂದುಹಾಕಿದ್ದು ಹಸಿರು ಬಣ್ಣ.

ಮಾದರಿಯ ಪ್ರಮಾಣ 1:12. ಹುಬ್ಬಳ್ಳಿ–ಗದಗ ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲದ, ತೋಳು ಕೆಳಕ್ಕೆ ಇಳಿಯುವ ಬಗೆಯ, ಸ್ವಂತ ಕಂಬದ ಮೇಲೆ ಒಂಟಿಯಾಗಿ ನಿಲ್ಲುವ ವಾರ್ನರ್ ಇದು. ತೋಳಿನ ತುದಿ ಮೀನಿನ ಬಾಲದಂತೆ ಸೀಳಿರುವುದರಿಂದ ಹಗಲಿನಲ್ಲಿ ಇದನ್ನು ಸ್ಟಾಪ್ ಸಿಗ್ನಲ್‌ನಿಂದ ಬೇರೆ ಎಂದು ಗುರುತಿಸುವುದು ಸುಲಭ. ರಾತ್ರಿ ಸೀಳು ಕಾಣುವುದಿಲ್ಲ. ಆದ್ದರಿಂದ ತೋಳಿಗಿಂತ ಒಂದೂವರೆ ಎರಡು ಮೀಟರ್ ಮೇಲೆ, ಎಂದೂ ಬದಲಾಗದ ಇನ್ನೊಂದು ಹಸಿರು ದೀಪವನ್ನು ಇಡುತ್ತಿದ್ದರು. ಹಸಿರಿನ ಕೆಳಗೆ ಕೆಂಪು ಕಂಡರೆ, ಅಂದರೆ ತೋಳು ಅಡ್ಡವಿದ್ದರೆ, ಮುಂದಿನ ಸ್ಟಾಪ್ ಸಿಗ್ನಲ್‌ನಲ್ಲಿ ನಿಲ್ಲಲು ಸಿದ್ಧನಾಗಿ ಮುಂದುವರಿಯಬೇಕು; ತೋಳು ಇಳಿದು ಹಸಿರಿನ ಕೆಳಗೆ ಹಸಿರು ಕಂಡರೆ ದಾರಿ ಸಲೀಸು. ಈ ಏರ್ಪಾಟಿನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶವೆಂದರೆ, ಮೇಲಿನ ದೀಪ ಗಾಳಿಗೆ ಆರಿಹೋದರೆ ಉಳಿಯುವುದು ಬರಿಯ ಕೆಂಪು, ಡ್ರೈವರ್ ಗಾಡಿಯನ್ನು ನಿಲ್ಲಿಸುತ್ತಾನೆ. ದೀಪ ಕೆಟ್ಟರೂ ತಪ್ಪು ಸುರಕ್ಷತೆಯ ಕಡೆಗೇ ವಾಲುತ್ತದೆ.

ನೋಡುವುದಕ್ಕೆ ಚಂದವಾದ ಈ ಏರ್ಪಾಟು ಮಾದರಿ ಮಾಡುವವನ ಪಾಲಿಗೆ ಶಾಪ. ಮೇಲಿನ ಹಸಿರೂ ಕೆಳಗಿನ ಹಸಿರೂ ಒಂದರ ಕೆಳಗೊಂದು ನಿಂತಾಗ ಎಳ್ಳಷ್ಟು ವ್ಯತ್ಯಾಸವಿದ್ದರೂ ಕಣ್ಣಿಗೆ ಹೊಡೆಯುತ್ತದೆ.

ಹಳೆಯ ತೋಳಿನ ಸಿಗ್ನಲ್‌ಗಳಾದ ಸೆಮಾಫೋರ್‌ಗಳಲ್ಲಿ ಉರಿಯುತ್ತಿದ್ದುದು ಚಿಮಣಿ ಎಣ್ಣೆಯ ದೀಪ. ಆ ಜ್ವಾಲೆಯ ಬೆಳಕಿನಲ್ಲಿ ಹಳದಿ ಮತ್ತು ಕೆಂಪು ಧಾರಾಳ, ನೀಲಿ ತೀರಾ ಕಡಿಮೆ. ಅದರ ಮುಂದೆ ಅಪ್ಪಟ ಹಸಿರು ಗಾಜನ್ನು ಹಿಡಿದರೆ ಬೆಳಕು ಹಳದಿಗೆ ತಿರುಗುತ್ತದೆ. ಹೀಗಾಗಿ ತೋಳಿನ ಜೊತೆ ಚಲಿಸುವ, ಬಣ್ಣದ ಗಾಜಿನ ಚೌಕಟ್ಟಾದ ಸ್ಪೆಕ್ಟಕಲ್‌ಗೆ ಹಾಕುತ್ತಿದ್ದ ಗಾಜು ಕೈಯಲ್ಲಿ ಹಿಡಿದು ನೋಡಿದರೆ ಹೆಚ್ಚುಕಡಿಮೆ ನೀಲಿಯೇ. ಜ್ವಾಲೆಯ ಹಳದಿ ಮತ್ತು ಗಾಜಿನ ನೀಲಿ ಸೇರಿ ದೂರಕ್ಕೆ ಹಸಿರಾಗುತ್ತಿತ್ತು. ಹುಬ್ಬಳ್ಳಿಯಲ್ಲಿ ನಾಟಕಗಳಿಗೆ ಲೈಟಿಂಗ್ ಮಾಡುವ ಪರಿಚಯದವರೊಬ್ಬರಿಂದ ನೀಲಿಹಸಿರು ಜಿಲಾಟಿನ್ ಹಾಳೆಯ ತುಂಡನ್ನು ತಂದು ಮೇಣದ ಬತ್ತಿಯ ಮುಂದೆ ಹಿಡಿದೆ. ಚಿಮಣಿ ಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಆದರೆ ಬಣ್ಣದ ಲೆಕ್ಕದಲ್ಲಿ ಬತ್ತಿಯ ಜ್ವಾಲೆ ಅದಕ್ಕೆ ತೀರ ಹತ್ತಿರದ್ದು. ಸೊಗಸಾದ, ತುಸು ಮೆತ್ತನೆಯ ಹಸಿರು ಗೋಡೆಯ ಮೇಲೆ ಬಿತ್ತು. ಇನ್ನು ಬತ್ತಿಯ ಜಾಗದಲ್ಲಿ ಎಲ್‌ಇಡಿ ಕೂರಿಸಿದರೆ ಮುಗಿಯಿತು ಎಂದುಕೊಂಡೆ.

ಬಿಳಿ ಎಲ್‌ಇಡಿಯ ಹೊಟ್ಟೆಯೊಳಗೆ ಇರುವುದು ನೀಲಿ ಬೆಳಕಿನ ಚಿಪ್, ಅದರ ಮೇಲೆ ಹಳದಿ ಲೇಪ. ನೀಲಿಹಸಿರು ಹಾಳೆ ಆ ಹಳದಿಯ ಬಹುಪಾಲನ್ನು ತಡೆದು ನೀಲಿಯನ್ನು ಸಲೀಸಾಗಿ ಬಿಟ್ಟಿತು. ನನ್ನ ವಾರ್ನರ್ ಆಂಬುಲೆನ್ಸಿನಂತೆ ಬೆಳಗಿತು. 2700 ಕೆಲ್ವಿನ್‌ನ ವಾರ್ಮ್ ವೈಟ್, ಅಂದರೆ ಹಳದಿ ಬೆರೆತ ಬಿಳುಪು, ಬೇಕೆಂದು ಅಂತರ್ಜಾಲದಲ್ಲಿ ತರಿಸಿದರೆ, ಪೊಟ್ಟಣದೊಳಗೆ ಬಂದವು ಟ್ಯೂಬ್‌ಲೈಟಿನಷ್ಟೇ ಬೆಳ್ಳಗಿದ್ದವು. ಬದಲಿಸಿ ಕೊಡಿ ಎಂದು ಬರೆದೆ. ಬದಲಿಗೆ ಬಂದ ಪೊಟ್ಟಣದಲ್ಲಿ ಮೂರು ಬಗೆಯ ಬಿಳುಪು. ಊರಿನ ಅಂಗಡಿಯವರು ಒಂದು ಹೆಜ್ಜೆ ಮುಂದೆ ಹೋಗಿ, "ವಾರ್ಮ್ ಅಂದ್ರ ವಾರ್ಮೇ ರೀ, ಹಚ್ಚಿ ನೋಡ್ರಿ, ಸ್ವಲ್ಪ ಹೊತ್ತಿಗೆ ಬಿಸಿ ಆಗ್ತೈತಿ" ಎಂದು ಸಮಾಧಾನ ಹೇಳಿದರು. ನಿಜವಾದ ವಾರ್ಮ್ ವೈಟ್ ಸಿಕ್ಕಮೇಲೂ ನೀಲಿಯ ಛಾಯೆ ಪೂರ್ತಿ ಹೋಗಲಿಲ್ಲ. ಹಳದಿ ಎಲ್‌ಇಡಿಯದು ಇನ್ನೊಂದು ಅತಿ: ಅದು ಬಿಡುವುದು ಹಳದಿಯ ಒಂದು ತೆಳು ಪಟ್ಟಿಯನ್ನು ಮಾತ್ರ, ಅದರಲ್ಲಿ ಹಸಿರೇ ಇಲ್ಲದ ಮೇಲೆ ಹಾಳೆ ಏನನ್ನು ಆರಿಸಿ ಕೊಡಬೇಕು? ಕೆಸರಿನ ಬಣ್ಣದ ಒಂದು ಚುಕ್ಕೆ ಕಂಡಿತು, ಅಷ್ಟೇ.

ಬಣ್ಣ ಬದಲಿಸುವ ಎಲ್‌ಇಡಿ ಹಾಕಿ ತೋಳಿನ ಜೊತೆ ಬಣ್ಣವನ್ನೂ ಬದಲಿಸು ಎಂದು ಧಾರವಾಡದ ಗೆಳೆಯನೊಬ್ಬ ಸಲಹೆ ಕೊಟ್ಟ. ಅದು ಆಟಿಕೆಗೆ ಸರಿ. ಸೆಮಾಫೋರ್‌ನಲ್ಲಿ ದೀಪ ನಿಂತಲ್ಲೇ ನಿಂತಿರುತ್ತದೆ, ಚಲಿಸುವುದು ಗಾಜು. ತೋಳು ಅರ್ಧ ಇಳಿದು ಸಿಕ್ಕಿಕೊಂಡರೆ ದೀಪದ ಮುಂದೆ ಅರ್ಧ ಕೆಂಪು, ಅರ್ಧ ಹಸಿರು ಕಾಣಬೇಕು. ಅಲ್ಲದೆ ಅದೇ ದೀಪ ಹಿಂಬದಿಯ ಚಿಕ್ಕ ಕಿಂಡಿಯಿಂದ ಸ್ಟೇಷನ್ ಕಡೆಗೆ ಬಿಳಿ ಬೆಳಕನ್ನು ಕೊಡಬೇಕು. ತೋಳು ಅಡ್ಡವಿದ್ದಾಗ ಆ ಬಿಳಿ ಚುಕ್ಕೆ ಕಾಣುತ್ತದೆ, ತೋಳು ಇಳಿದಾಗ ಒಂದು ತಗಡು ಅದನ್ನು ಮುಚ್ಚುತ್ತದೆ. ದೀಪ ಉರಿಯುತ್ತಿದೆಯೇ, ತೋಳು ವಾಪಸು ಬಂದಿದೆಯೇ ಎಂಬುದು ಸ್ಟೇಷನ್ ಮಾಸ್ತರರಿಗೆ ದೂರದಿಂದಲೇ ತಿಳಿಯುತ್ತಿದ್ದುದು ಹೀಗೆ. ದೀಪವೇ ಬಣ್ಣ ಬದಲಿಸಿದರೆ ಹಿಂಬದಿಯ ಚುಕ್ಕೆ ಬಿಳಿಯಾಗಿ ಉಳಿಯುವುದಿಲ್ಲ. ಲೈಟಿಂಗ್‌ನವರು ಹೇಳಿದಂತೆ ಎಲ್‌ಇಡಿಗೆ ಕಿತ್ತಳೆ ಛಾಯೆಯ ತಿದ್ದುಪಡಿ ಹಾಳೆಯನ್ನು ಎರಡು ಪದರ ಸುತ್ತಿದಾಗ ಬಣ್ಣ ಸುಧಾರಿಸಿತು. ಆದರೆ ಬೆಳಕು ಎಷ್ಟು ಕುಗ್ಗಿತೆಂದರೆ ಪಡಸಾಲೆಯ ಆ ತುದಿಯಿಂದ ಸಿಗ್ನಲ್ಲನ್ನು ಹುಡುಕಬೇಕಾಯಿತು.

ಎಲ್‌ಇಡಿಯ ಮೇಲೆ ಸಿಟ್ಟಿದ್ದರೂ ಮುಂದಿನ ಮಾದರಿ ಪೂರ್ತಿ ಎಲ್‌ಇಡಿಯದೇ. ಹುಬ್ಬಳ್ಳಿಗೆ ಬರುವ ಗಾಡಿ ಧಾರವಾಡ, ಗದಗ, ಹಾವೇರಿ ಈ ಮೂರು ದಿಕ್ಕುಗಳಲ್ಲಿ ಎತ್ತ ಬೇಕಾದರೂ ಹೊರಳುವ ಯಾರ್ಡ್ ಇರುವಾಗ, ಸ್ಟೇಷನ್ನಿನ ಬಾಗಿಲಲ್ಲಿ ನಿಲ್ಲುವ ಹೋಮ್ ಸಿಗ್ನಲ್‌ನ ತಲೆಯ ಮೇಲೆ ಓರೆಯಾಗಿ ಐದು ಬಿಳಿ ದೀಪಗಳು ಹೊತ್ತಿ ಗಾಡಿ ಎತ್ತ ಹೊರಳುತ್ತದೆಂದು ತೋರಿಸುವ ರೂಟ್ ಇಂಡಿಕೇಟರ್ ಮಾಡದೆ ಬಿಡುವುದು ಹೇಗೆ? ಐದರಲ್ಲಿ ಕನಿಷ್ಠ ಮೂರು ಹೊತ್ತಿದರೆ ಮಾತ್ರ ಸೂಚನೆ ಊರ್ಜಿತವಾಗಬೇಕು, ಇಲ್ಲವಾದರೆ ಸಿಗ್ನಲ್ ಕೆಂಪಿನಲ್ಲೇ ಉಳಿಯಬೇಕು. ಆ ತರ್ಕವನ್ನು ಸರ್ಕಿಟ್ಟಿಗೆ ಇಳಿಸುವ ನಕ್ಷೆ ಈಗಾಗಲೇ ಅರ್ಧ ತಯಾರಾಗಿದೆ. ಪಕ್ಕದಲ್ಲಿ ಹಳದಿ ಹಲಗೆಯ ಮೇಲೆ ಕಪ್ಪಕ್ಷರದ "ಡಬ್ಲ್ಯು/ಎಲ್" ಸೀಟಿ ಫಲಕವೊಂದು (ಲೆವೆಲ್ ಕ್ರಾಸಿಂಗ್ ಬರುತ್ತಿದೆ, ಸೀಟಿ ಹಾಕು ಎಂದು ಡ್ರೈವರನಿಗೆ ಹೇಳುವುದು) ಇರಲೇಬೇಕು. ಆದರೆ ವಾರ್ನರ್ ಮುಗಿಯುವ ತನಕ ಅದನ್ನು ಮುಟ್ಟಬಾರದೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿದೆ.

ವಾರ್ನರಿನ ಹಸಿರಿನ ಕಗ್ಗಂಟು ಬಿಚ್ಚಿದ್ದು ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ, ರೇಡಿಯೊ ರಿಪೇರಿಯ ಹಿರಿಯರೊಬ್ಬರ ಅಂಗಡಿಯಲ್ಲಿ. ಹಳೆಯ ವಾಲ್ವ್ ರೇಡಿಯೊಗಳ ಡಯಲ್ ಬೆಳಗುವ 6.3 ವೋಲ್ಟಿನ ಪುಟ್ಟ ಬಲ್ಬುಗಳು ಒಂದು ತಂಬಾಕಿನ ಡಬ್ಬಿಯ ತುಂಬ ಇದ್ದವು. "ಇವನ್ನ ಕೇಳಾಕ ಈಗ ಯಾರೂ ಬರಂಗಿಲ್ರಿ, ಎಲ್ಲಾ ಒಯ್ರಿ" ಎಂದರು, ಒಯ್ದೆ. ಎಲ್‌ಎಂ317 ರೆಗ್ಯುಲೇಟರಿನ ಮೂಲಕ ವೋಲ್ಟೇಜನ್ನು 4.5ರ ಆಸುಪಾಸಿಗೆ ಇಳಿಸಿದಾಗ ತಂತು ಕೆಂಪು ಬೆರೆತ ಹಳದಿಗೆ ತಿರುಗಿತು. ಕಾದ ತಂತುವಿನ ಬೆಳಕಿನಲ್ಲಿ ಜ್ವಾಲೆಯಲ್ಲಿರುವಂತೆ ಎಲ್ಲ ಬಣ್ಣಗಳೂ ಬಿಡುವಿಲ್ಲದೆ ಇರುತ್ತವೆ. ತಾಪ ಇಳಿದಷ್ಟೂ ನೀಲಿ ಕಡಿಮೆಯಾಗುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಬಲ್ಬಿನ ಆಯುಸ್ಸೂ ಎಷ್ಟೋ ಪಟ್ಟು ಹೆಚ್ಚು. ಜಿಲಾಟಿನ್ ಹಾಳೆಯ ಹಿಂದೆ ಹಿಡಿದಾಗ ಗೋಡೆಯ ಮೇಲೆ ಬಿದ್ದದ್ದು ಮೇಣದ ಬತ್ತಿ ತೋರಿಸಿದ ಅದೇ ಹಸಿರು.

ಆದರೆ ಬಲ್ಬು ಬಿಸಿಯಾಗುತ್ತದೆ. 3ಡಿ ಪ್ರಿಂಟರಿನಲ್ಲಿ ತೆಗೆದ ನನ್ನ ದೀಪದ ಪೆಟ್ಟಿಗೆ ಪಿಎಲ್‌ಎ ಪ್ಲಾಸ್ಟಿಕ್ಕಿನದು, ಅದು 60 ಡಿಗ್ರಿಯ ಸುಮಾರಿಗೇ ಮೆತ್ತಗಾಗುತ್ತದೆ. ಒಂದು ಸಂಜೆ ಬಿಟ್ಟು ನೋಡಿದಾಗ ಪೆಟ್ಟಿಗೆಯ ಮೇಲ್ಭಾಗ ಕುಸಿದು ಬಲ್ಬಿನ ಮೇಲೆ ಕೂತಿತ್ತು. ಹಿತ್ತಾಳೆ ತಗಡಿನಲ್ಲಿ ಪೆಟ್ಟಿಗೆಯನ್ನು ಹೊಸದಾಗಿ ಮಡಿಚಿ, ಅಸಲು ದೀಪಗಳಿಗಿದ್ದಂತೆ ತಲೆಯ ಮೇಲೆ ಹೊಗೆಗೊಳವೆ, ಅಡಿಯಲ್ಲಿ ಗಾಳಿಕಿಂಡಿಗಳನ್ನು ಕೊರೆದೆ. ಅಲಂಕಾರಕ್ಕೆಂದು ಮಾಡಬೇಕೆಂದಿದ್ದ ಹೊಗೆಗೊಳವೆ ನಿಜವಾದ ಕೆಲಸಕ್ಕೆ ಬಂದದ್ದು ನನಗೆ ವಿಪರೀತ ಖುಷಿ ಕೊಟ್ಟಿತು.

ಮೇಲಿನ ದೀಪದ ಹಾಳೆ ಬಲ್ಬಿಗೆ ಹತ್ತಿರವಿದ್ದುದರಿಂದ ಕೆಲವೇ ವಾರಗಳಲ್ಲಿ ಬಣ್ಣ ಕಳೆದುಕೊಂಡು, ಎರಡು ಹಸಿರುಗಳು ಮತ್ತೆ ಬೇರೆಬೇರೆಯಾದವು. ಕೊನೆಗೆ ಗಾಜೇ ಬೇಕಾಯಿತು. ಧಾರವಾಡದಲ್ಲಿ ಕೆಡವಿದ ಹಳೆಯ ಮನೆಯೊಂದರ ಕಿಟಕಿಯ ಬಣ್ಣದ ಗಾಜುಗಳು ಗುಜರಿಗೆ ಬಂದಿದ್ದವು; ಅದರಲ್ಲಿ ಒಂದು ನವಿಲಿನ ಕತ್ತಿನ ಬಣ್ಣದ್ದು. ಫೋಟೊಗಳಿಗೆ ಕಟ್ಟು ಹಾಕುವವರ ಬಳಿ ಎರಡು ಬಿಲ್ಲೆಗಳನ್ನೂ ಅದೇ ತುಂಡಿನಿಂದ ಕತ್ತರಿಸಿಕೊಂಡು, ಅಂಚುಗಳನ್ನು ವಾಟರ್ ಪೇಪರ್ ಎಂಬ ಉಜ್ಜುಕಾಗದದಲ್ಲಿ ಉಜ್ಜಿ ಕೂರಿಸಿದೆ. ಒಂದೇ ಗಾಜು, ಒಂದೇ ಡಬ್ಬಿಯ ಬಲ್ಬು, ಒಂದೇ ರೆಗ್ಯುಲೇಟರ್. ಇಷ್ಟಾದ ಮೇಲೆ ಬಣ್ಣ ಕೂಡದೆ ಎಲ್ಲಿ ಹೋದೀತು?

ಉಣಕಲ್ ಕಡೆ ಕಾಣುವ ಈಗಿನ ಸಿಗ್ನಲ್‌ಗಳ ಹಸಿರು ತುಸು ನೀಲಿಯತ್ತ ವಾಲಿರುತ್ತದೆ, ನಿನ್ನದು ಹಳದಿಯಾಯಿತು ಎಂದು ಅದೇ ಗೆಳೆಯನ ತಕರಾರು. ಇರಬಹುದು, ಎಣ್ಣೆ ದೀಪದ ಸಿಗ್ನಲ್ಲಿಗೆ ಎಲ್‌ಇಡಿಯ ಬಣ್ಣ ಬಳಿಯುವುದು ಉಗಿಬಂಡಿಗೆ ಮೇಲಿನ ಕರೆಂಟ್ ತಂತಿ ಮುಟ್ಟುವ ಪ್ಯಾಂಟೊಗ್ರಾಫ್ ಹೊರಿಸಿದಷ್ಟೇ ಸರಿ ಎಂದು ಅವನಿಗೆ ಉತ್ತರಿಸಿದ್ದೇನೆ.

ಉಳಿದಿರುವುದು ಹಿಂಬದಿಯ ಕಿಂಡಿ. ತೋಳು ಪೂರ್ತಿ ಇಳಿದಾಗಲೂ ತಗಡಿನ ಅಂಚಿನಿಂದ ಕೂದಲೆಳೆಯಷ್ಟು ಬಿಳಿ ಬೆಳಕು ಸೋರುತ್ತಿದೆ, ತಗಡನ್ನು ಅಗಲ ಮಾಡಿದರೆ ಅದು ಏಣಿಯ ಮೆಟ್ಟಿಲಿಗೆ ತಾಗಿ ತೋಳನ್ನು ತಡೆಯುತ್ತದೆ. ಏಣಿಯನ್ನು ಎರಡು ಮಿಲಿಮೀಟರ್ ಹಿಂದಕ್ಕೆ ಸರಿಸುವುದೊಂದೇ ದಾರಿ ಎಂದು ಕಾಣುತ್ತದೆ. ಅಂದರೆ ಕಂಬದ ಬುಡದ ಬೆಸುಗೆಯನ್ನು ಮತ್ತೆ ಬಿಚ್ಚಬೇಕು. ಬೇರೆ ಉಪಾಯ ಬಲ್ಲವರು ದಯವಿಟ್ಟು ಅದಕ್ಕೆ ಮುಂಚೆ ತಿಳಿಸಿ.