ಕೆಲಸ ಬಿಟ್ಟ ಮೇಲೆಯೇ ಅವಳು ಯಾಕೆ ‘ಹೂಂ’ ಅನ್ನುತ್ತಾಳೆ?

ನಾನು ಕಂತುಗಳಲ್ಲಿ ಪ್ರೇಮಕಥೆ ಬರೆಯುತ್ತೇನೆ. ಓದುಗರು ಮತ್ತೆ ಮತ್ತೆ ಕೇಳಿ ಬರೆಸುವುದು ಒಂದೇ ಬಗೆಯ ಕಥೆ. ಶ್ರೀಮಂತ ಬಾಸ್, ಅವನ ಕೈಕೆಳಗೆ ಕೆಲಸ ಮಾಡುವ ಹುಡುಗಿ. ಅವನಿಗೆ ತುರ್ತಾಗಿ ಒಬ್ಬಳು ‘ಮದುವೆಯಾಗಲಿರುವ ಹುಡುಗಿ’ ಬೇಕು. ಅಜ್ಜನ ಉಯಿಲೋ, ಹಟ ಹಿಡಿದ ಅಮ್ಮನೋ, ಏನೋ ಒಂದು ಕಾರಣ. ಅವಳಿಗೆ ದುಡ್ಡು ಬೇಕು. ಆರು ತಿಂಗಳ ಸುಳ್ಳು ನಿಶ್ಚಿತಾರ್ಥ, ಒಂದು ಉಂಗುರ, ಒಂದು ಒಪ್ಪಂದ. ಮುಂದೇನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಪ್ರೀತಿಯಿಂದ ಓದುತ್ತಾರೆ.

ಆದರೆ ಕೊನೆಯ ಕಂತುಗಳು ಬರುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಅವನಿಗೂ ಪ್ರೀತಿ, ಇವಳಿಗೂ ಪ್ರೀತಿ. ಹೂಂ ಅಂದುಬಿಟ್ಟರೆ ಮುಗೀತಲ್ವಾ? ನಿಮ್ಮ ಕಥೆಯಲ್ಲಿ ಹುಡುಗಿ ಪ್ರತಿ ಸಲ ಮೊದಲು ರಾಜೀನಾಮೆ ಯಾಕೆ ಕೊಡ್ತಾಳೆ?’

ಉತ್ತರ ನನ್ನ ಮೊದಲ ಕೆಲಸದಲ್ಲಿದೆ. ಅಲ್ಲಿನ ಮೇಲಧಿಕಾರಿ ಜೋಕ್ ಹೇಳುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು. ಒಳ್ಳೆಯ ಮನುಷ್ಯರೇ. ನಗಿ ಅಂತ ಯಾರನ್ನೂ ಬಲವಂತ ಮಾಡಿದವರಲ್ಲ. ಆದರೂ ನಗು ಬರದ ದಿನವೂ ನಾನು ನಕ್ಕಿದ್ದೇನೆ. ಅದು ಅವರಿಗೆ ತಿಳಿಯಲಿಲ್ಲ, ತಿಳಿಯುವ ದಾರಿಯೂ ಇರಲಿಲ್ಲ. ಕೆಲವು ತಿಂಗಳಾದ ಮೇಲೆ ನನಗೇ ಗೊತ್ತಾಗದೆ ಹೋಯಿತು. ಯಾವುದು ತಾನಾಗಿ ಬಂದ ನಗು, ಯಾವುದು ಸಂಬಳದ ನಗು?

ನನ್ನ ಕಥೆಯ ಹುಡುಗಿಗೆ ಈ ಕಷ್ಟ ಎರಡು ಪಟ್ಟು. ಆಫೀಸಿನಲ್ಲಿ ‘ಸರಿ ಸರ್’ ಅನ್ನುವುದಕ್ಕೆ ಸಂಬಳ. ಅವನ ಮನೆಯವರ ಮುಂದೆ ಅವನ ಕೈ ಹಿಡಿಯುವುದಕ್ಕೆ ಒಪ್ಪಂದದ ದುಡ್ಡು. ಅವಳು ಅವನಿಗೆ ಆಡುವ ಒಂದೊಂದು ಒಳ್ಳೆಯ ಮಾತಿಗೂ ಎಲ್ಲೋ ಒಂದು ಕಡೆ ಲೆಕ್ಕ ಇದೆ. ಹೀಗಿರುವಾಗ ಪ್ರೀತಿ ಬಂತು ಅಂದರೆ ಅವನು ಹೇಗೆ ನಂಬಬೇಕು? ಅವಳಾದರೂ ತನ್ನನ್ನು ತಾನು ಹೇಗೆ ನಂಬಬೇಕು?

ಈ ಕಥೆ ನನಗೆ ಇಷ್ಟವಾಗುವುದೂ ಇದಕ್ಕೇ. ಸುಳ್ಳು ನಿಶ್ಚಿತಾರ್ಥ ಅವಳಿಗೆ ನೌಕರಿ ಎಂದೂ ಕೊಡದ ಒಂದನ್ನು ಕೊಡುತ್ತದೆ. ನೌಕರಿಯಲ್ಲಿ ಷರತ್ತು ಅವನದು. ಇಲ್ಲಿ ಗರಜು ಅವನದು, ಹಾಗಾಗಿ ಷರತ್ತು ಅವಳದು. ಇಬ್ಬರೂ ಮೇಜಿನ ಎದುರುಬದುರು ಕೂತು ಒಪ್ಪಂದ ಬರೆಯುವ ಕಂತನ್ನು ನಾನು ಯಾವತ್ತೂ ಅವಸರದಲ್ಲಿ ಬರೆಯುವುದಿಲ್ಲ. ರಾತ್ರಿ ಒಂಬತ್ತರ ನಂತರ ಫೋನ್ ಮಾಡಬಾರದು. ಕೇಳದೆ ಹೆಗಲ ಮೇಲೆ ಕೈ ಹಾಕಬಾರದು. ನನ್ನ ಅಪ್ಪನಿಗೆ ಸುಳ್ಳು ಹೇಳುವುದಿಲ್ಲ. ಅವಳು ಒಂದೊಂದೇ ಸಾಲು ಸೇರಿಸುತ್ತಾಳೆ. ಎರಡು ವರ್ಷ ಅವನ ಕೈಕೆಳಗೆ ದುಡಿದವಳು ಮೊದಲ ಸಲ ಅವನಿಗೆ ‘ಇಲ್ಲ’ ಅನ್ನುತ್ತಾಳೆ, ಅವನು ಪೆನ್ನು ತೆಗೆದುಕೊಂಡು ಅದನ್ನು ಬರೆದುಕೊಳ್ಳುತ್ತಾನೆ. ನನ್ನ ಮಟ್ಟಿಗೆ ಪ್ರೀತಿ ಶುರುವಾಗುವುದು ಅಲ್ಲಿಯೇ. ಮಳೆಯಲ್ಲಿ ಒಂದೇ ಕೊಡೆಯಡಿ ನಡೆಯುವುದೆಲ್ಲ ಆಮೇಲಿನ ಮಾತು.

ದುಡ್ಡು ಕೊಡುವವನಿಗೆ ಹೇಳುವ ‘ಹೂಂ’ ನಿಜವೇ ಅನ್ನುವ ಅನುಮಾನ ನನ್ನೊಬ್ಬಳದೇ ಅಲ್ಲ, ಹೊಸದೂ ಅಲ್ಲ. 1740ರಲ್ಲಿ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಬರೆದ ‘ಪಮೇಲಾ’ದಲ್ಲಿ ಮನೆಗೆಲಸದ ಹುಡುಗಿಯ ಹಿಂದೆ ಯಜಮಾನ ಬೀಳುತ್ತಾನೆ, ಅವಳನ್ನು ಕೂಡಿಹಾಕುತ್ತಾನೆ, ಕೊನೆಗೆ ಅವಳನ್ನೇ ಮದುವೆಯಾಗುತ್ತಾನೆ. ಜನ ಮುಗಿಬಿದ್ದು ಓದಿದರು. ಮರುವರ್ಷವೇ ಹೆನ್ರಿ ಫೀಲ್ಡಿಂಗ್ ‘ಶಮೇಲಾ’ ಅಂತ ಅಣಕು ಪುಸ್ತಕ ಬರೆದ. ಅದರಲ್ಲಿ ಹುಡುಗಿ ಆಸ್ತಿಗಾಗಿ ನಾಟಕ ಆಡುವವಳು. ಅದನ್ನು ಓದಿ ನನಗೆ ಸಂಕಟವಾಯಿತು. ಕೂಡಿಹಾಕಿದ್ದು ಅವನು, ಅನುಮಾನ ಅವಳ ಮೇಲೆ. ಆದರೆ ಅಂಥ ಅನುಮಾನಕ್ಕೆ ಜಾಗ ಸಿಗುವುದು ಅವಳಿಗೆ ಬೇರೆ ದಾರಿ ಇಲ್ಲದಿರುವಾಗ. ದಾರಿ ಇಲ್ಲದವಳ ‘ಹೂಂ’ಗೆ ಯಾರು ಬೇಕಾದರೂ ಯಾವ ಅರ್ಥ ಬೇಕಾದರೂ ಹಚ್ಚಬಹುದು.

ಶಾರ್ಲೆಟ್ ಬ್ರಾಂಟೆಗೆ ಇದು ಚೆನ್ನಾಗಿ ಗೊತ್ತಿತ್ತು. 1847ರ ‘ಜೇನ್ ಐರ್’ನಲ್ಲಿ ಜೇನ್ ಸಂಬಳಕ್ಕೆ ಪಾಠ ಹೇಳಲು ಬಂದವಳು. ಮನೆಯ ಯಜಮಾನನನ್ನು ಪ್ರೀತಿಸುತ್ತಾಳೆ. ಅವನಿಗೆ ಮೊದಲೇ ಮದುವೆಯಾಗಿದೆ ಅಂತ ಗೊತ್ತಾದಾಗ ಮನೆ ಬಿಟ್ಟು ಹೊರಡುತ್ತಾಳೆ, ಕೈಯಲ್ಲಿ ಕಾಸಿಲ್ಲದೆ ಅಲೆಯುತ್ತಾಳೆ. ಮುಂದೆ ಚಿಕ್ಕಪ್ಪನಿಂದ 20,000 ಪೌಂಡ್ ಬರುತ್ತದೆ. ಅದನ್ನು ನಾಲ್ಕು ಪಾಲು ಮಾಡಿ 5,000 ಮಾತ್ರ ತಾನು ಇಟ್ಟುಕೊಳ್ಳುತ್ತಾಳೆ. ಅವನ ಬಳಿ ವಾಪಸ್ ಹೋಗುವುದು ಅದಾದ ಮೇಲೆ. ಅವಳಿಗೆ ಆಗ ಅವನ ಕಾಸು ಬೇಡ. ಅವನು ಮಾತ್ರ ಬೇಕು.

ನನ್ನ ಹುಡುಗಿಯರಿಗೆ ಅಂಥ ಚಿಕ್ಕಪ್ಪ ಇಲ್ಲ. ಹಾಗಾಗಿ ರಾಜೀನಾಮೆ.

‘ಹಾಗಾದರೆ ಕೆಲಸ ಕಳೆದುಕೊಳ್ಳುವವಳು ಅವಳೇ ಯಾಕಾಗಬೇಕು? ಅವನು ಬಿಡಲಿ’ ಅಂತ ಒಬ್ಬ ಓದುಗಿ ಸಿಟ್ಟಿನಿಂದ ಬರೆದಿದ್ದರು. ಆ ಸಿಟ್ಟು ನ್ಯಾಯವಾದದ್ದು. ನಿಜ ಜಗತ್ತಿನಲ್ಲಿ ಬಾಸ್ ಹೊರಗೆ ಹೋದದ್ದೂ ಇದೆ. 2019ರಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ತನ್ನ ಸಿಇಒ ಅವರನ್ನೇ ಕೆಲಸದಿಂದ ತೆಗೆಯಿತು. ಉದ್ಯೋಗಿಯೊಬ್ಬರ ಜೊತೆಗಿನ ಸಂಬಂಧ ಒಪ್ಪಿಗೆಯದೇ ಆದರೂ ಅದು ಕಂಪನಿಯ ನಿಯಮಕ್ಕೆ ವಿರುದ್ಧ ಅಂತ ಆಗ ಹೇಳಿತು. ಆದರೆ ನನ್ನ ಕಥೆಯ ಬಾಸ್ ಬರೀ ಬಾಸ್ ಅಲ್ಲ, ಮಾಲೀಕ. ಅವಳನ್ನು ಬೇರೆ ವಿಭಾಗಕ್ಕೆ ಹಾಕಿದರೂ ಸಂಬಳದ ಚೀಟಿ ಬರುವುದು ಅವನ ಕಂಪನಿಯಿಂದಲೇ. ಹೊರಗೆ ಕಾಲಿಡದೆ ಬೇರೆ ದಾರಿ ನನಗೆ ಕಾಣಲಿಲ್ಲ.

ಆದರೂ ಆ ಓದುಗಿಯ ಮಾತಿನಿಂದ ನನ್ನ ಬರವಣಿಗೆ ಬದಲಾಯಿತು. ಮೊದಲೆಲ್ಲ ಹುಡುಗಿ ಕಣ್ಣೀರು ಹಾಕುತ್ತಾ ಪತ್ರವನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಅದು ತಪ್ಪು. ಬಾಡಿಗೆ ಕಟ್ಟಬೇಕಾದವಳು ಹಾಗೆ ಹೋಗುವುದಿಲ್ಲ. ಈಗ ಅವಳು ಮೊದಲು ಬೇರೆ ಕಡೆ ಇಂಟರ್‌ವ್ಯೂ ಕೊಡುತ್ತಾಳೆ. ಆಫರ್ ಲೆಟರ್ ಕೈಗೆ ಬಂದ ಮೇಲೆ ರಾಜೀನಾಮೆ. ಆಮೇಲೆ ನೋಟಿಸ್ ಪೀರಿಯಡ್. ಆಗಲೂ ನಾನು ಅವಳಿಂದ ಪ್ರೀತಿಯ ಮಾತು ಆಡಿಸುವುದಿಲ್ಲ. ಯಾಕೆಂದರೆ ರಿಲೀವಿಂಗ್ ಲೆಟರ್‌ಗೆ ಇನ್ನೂ ಅವನ ಸಹಿ ಬೇಕು. ಅದಿಲ್ಲದೆ ಹೊಸ ಕೆಲಸಕ್ಕೆ ತೊಂದರೆ. ಒಂದು ಸಹಿ ಅವನ ಕೈಯಲ್ಲಿ ಉಳಿದಿದ್ದರೂ ಅವಳು ಇನ್ನೂ ಪೂರ್ತಿ ಬಿಡುಗಡೆ ಆಗಿಲ್ಲ ಅಂತಲೇ ಲೆಕ್ಕ.

ಕಳೆದ ಕಥೆಯಲ್ಲಿ ಅವನು ಇದನ್ನು ತಾನಾಗಿಯೇ ಅರ್ಥ ಮಾಡಿಕೊಂಡ. ಕೊನೆಯ ದಿನ ಅವಳು ಐಡಿ ಕಾರ್ಡ್ ಜೊತೆ ಉಂಗುರವನ್ನೂ ಮೇಜಿನ ಮೇಲಿಟ್ಟಳು. ಅವನು ಏನೂ ಕೇಳಲಿಲ್ಲ. ಲೆಟರ್‌ಗೆ ಸಹಿ ಹಾಕಿ ಕೊಟ್ಟು, ಬಾಗಿಲವರೆಗೆ ಬಂದು ನಿಂತ. ಕೇಳಿದ್ದು ಮೂರು ವಾರ ಬಿಟ್ಟು, ಅವಳ ಹೊಸ ಆಫೀಸಿನ ಹೊರಗೆ, ಬೇರೆ ಎಲ್ಲರ ಹಾಗೆ ಕಾದು ನಿಂತು. ಆ ಕಂತು ಬರೆಯುತ್ತಾ ನಾನು ಅತ್ತಿದ್ದೇನೆ.

ಈಗ ನಡೆಯುತ್ತಿರುವ ಕಥೆಯಲ್ಲಿ ಅವಳ ನೋಟಿಸ್ ಪೀರಿಯಡ್‌ಗೆ ಇನ್ನೂ 12 ದಿನ ಇದೆ. ಬೇಗ ಮುಗಿಸಿ ಅಂತ ಕೇಳಬೇಡಿ. ಅವಳು ಹ್ಯಾಂಡೋವರ್ ಮಾಡಬೇಕಾದ ಕೆಲಸವೇ ಬೇಕಾದಷ್ಟಿದೆ.