ಅವ್ವಾರ್ ಎಂಬ ಕ್ರಿಯಾಪದ

ಮಗಳು ಕಾಲೇಜಿನಲ್ಲಿ ಫ್ರೆಂಚ್ ಆಯ್ದುಕೊಂಡ ಮೇಲೆ, ಅವಳ ಪಾಠ ಒಪ್ಪಿಸಿಕೊಳ್ಳುವ ನೆಪದಲ್ಲಿ ನಾನೂ ಆ ಭಾಷೆಯನ್ನು ಕಲಿಯತೊಡಗಿದೆ. ಆರಂಭದ ಪಾಠಗಳಲ್ಲೇ ಬರುವ ಒಂದು ಅನಿಯಮಿತ ಕ್ರಿಯಾಪದದ ಉಚ್ಚಾರಣೆ ಹೆಚ್ಚುಕಡಿಮೆ ‘ಅವ್ವಾರ್’. ಕಲಬುರಗಿಯ ಮನೆಯೊಂದರಲ್ಲಿ ಇದನ್ನು ಗಟ್ಟಿಯಾಗಿ ಬಾಯಿಪಾಠ ಮಾಡಿದರೆ ಆಗುವುದೇ ಆಯಿತು: ‘ಯಾವ ಅವ್ವಾರು ಬಂದಾರ?’ ಎಂದು ನನ್ನ ತಾಯಿ ಅಡುಗೆಮನೆಯಿಂದ ಎರಡು ಸಲ ವಿಚಾರಿಸಿದರು.

ಒಡೆತನವನ್ನು ಸೂಚಿಸುವ ಈ ಕ್ರಿಯಾಪದಕ್ಕೆ ಕನ್ನಡದಲ್ಲಿ ಸಮಾನವಾದ ಒಂದೇ ಪದವಿಲ್ಲ. ನಾವು ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನ್ನ ಹತ್ತಿರ ದುಡ್ಡಿದೆ’ ಎನ್ನುತ್ತೇವೆ. ಹಾಗಾಗಿ ಮೊದಲ ಕೆಲವು ವಾರ ಪ್ರತಿ ವಾಕ್ಯವನ್ನೂ ಇಂಗ್ಲಿಷಿನ ಮೂಲಕವೇ ಫ್ರೆಂಚಿಗೆ ಸಾಗಿಸುತ್ತಿದ್ದೆ. ಮೇ ತಿಂಗಳ ಒಂದು ಮಧ್ಯಾಹ್ನ ಬಿಸಿಲಿನ ಝಳ ತಾಳಲಾರದೆ, ಇಂಗ್ಲಿಷಿನಲ್ಲಿರುವಂತೆಯೇ ‘ಇರು’ ಎಂಬರ್ಥದ ಕ್ರಿಯಾಪದವನ್ನು ಬಳಸಿ ‘ಝ ಸ್ವಿ ಶೋ’ ಎಂದಾಗ ಮಗಳು ಮುಖ ಮುಚ್ಚಿಕೊಂಡು ನಕ್ಕಳು. ಆ ಮಾತಿಗೆ ಬರುವ ಅರ್ಥ ತಂದೆ ಮಗಳ ಮುಂದೆ ಆಡುವಂಥದ್ದಲ್ಲವಂತೆ. ಸರಿಯಾದ ರೂಪ ‘ಝೇ ಶೋ’, ಅಂದರೆ ‘ನನಗೆ ಸೆಖೆ’.

ಆಗ ಹೊಳೆದದ್ದು ಇದು: ನಾವು ‘ನನಗೆ’ ಎಂದು ಚತುರ್ಥಿ ವಿಭಕ್ತಿ ಹಚ್ಚುವ ಅನೇಕ ಕಡೆ ಫ್ರೆಂಚರು ಅವ್ವಾರ್ ಬಳಸುತ್ತಾರೆ. ನನಗೆ ಹಸಿವು, ‘ಝೇ ಫ಼್ಯಾಂ’. ನನಗೆ ಬಾಯಾರಿಕೆ, ‘ಝೇ ಸ್ವಾಫ಼್’. ನನಗೆ 50 ವರ್ಷ, ‘ಝೇ ಸ್ಯಾಂಕಾಂತಾಂ’. ಭಯ, ಜ್ವರ, ತಲೆನೋವುಗಳೂ ಇದೇ ಸಾಲಿನವು. ‘ನನಗೆ ಗೊತ್ತು’, ‘ನನಗೆ ಬೇಕು’ ಎಂಬಲ್ಲಿ ಮಾತ್ರ ಈ ಸೂತ್ರ ನಡೆಯುವುದಿಲ್ಲ. ಅವಕ್ಕೆ ಬೇರೆ ಕ್ರಿಯಾಪದಗಳಿವೆ. ಆದರೂ ಇಂಗ್ಲಿಷನ್ನು ನಡುವೆ ತರದೆ ಕನ್ನಡದಿಂದ ನೇರವಾಗಿ ಹೋದರೆ ದಾರಿ ಎಷ್ಟೋ ಹತ್ತಿರ.

ವರ್ತಮಾನ ಕಾಲದಲ್ಲಿ ಇದರ ರೂಪಗಳು, ನಾನು, ನೀನು, ಅವನು, ನಾವು, ನೀವು, ಅವರು ಎಂಬ ಕ್ರಮದಲ್ಲಿ, ಆರು: ಝೇ, ತು ಆ, ಇಲ್ ಆ, ನೂ ಜ಼ಾವೋಂ, ವೂ ಜ಼ಾವೇ, ಇಲ್ ಜ಼ೋಂ. ಬರೆದದ್ದನ್ನೆಲ್ಲ ಓದುವ ನಮಗೆ ಇಲ್ಲೇ ತೊಡಕು. ‘ನೀನು’ ಮತ್ತು ‘ಅವನು’ ಎಂಬುದರ ರೂಪಗಳಿಗೆ ಕಾಗುಣಿತ ಬೇರೆ, ಆದರೆ ಕಿವಿಗೆ ಎರಡೂ ‘ಆ’. ‘ಝ’ ಮತ್ತು ‘ಏ’ ಸೇರಿ ‘ಝೇ’ ಆಗುವುದು ನಮ್ಮ ಲೋಪಸಂಧಿಯಂತೆಯೇ. (ಈ ‘ಝ’ ನಮ್ಮ ಮಹಾಪ್ರಾಣವಲ್ಲ, ಶಕಾರಕ್ಕೆ ಘೋಷ, ಅಂದರೆ ಗಂಟಲಿನ ನಡುಕ, ಸೇರಿಸಿದ ಧ್ವನಿ.) ‘ನೂ’ ಎಂಬುದರ ಕೊನೆಯಲ್ಲಿ ಬರಹಕ್ಕಷ್ಟೇ ಇರುವ ಸಕಾರ, ಮುಂದೆ ಸ್ವರ ಬಂದಾಗ ಎಚ್ಚೆತ್ತು ‘ಜ಼’ ಆಗುತ್ತದೆ. ಮೊದಲು ಇದನ್ನು ಆಗಮಸಂಧಿ ಎಂದುಕೊಂಡಿದ್ದೆ. ಅಕ್ಷರ ಮೊದಲೇ ಇರುವುದರಿಂದ ಅದು ಸರಿಯಲ್ಲ. ‘ಮಳೆ’ಗೆ ‘ಕಾಲ’ ಸೇರಿ ‘ಮಳೆಗಾಲ’ ಆಗುವಾಗ ಅಘೋಷವು ಘೋಷವಾಗುವ ಆದೇಶಸಂಧಿಯೇ ಇದಕ್ಕೆ ಹೆಚ್ಚು ಹತ್ತಿರ.

ಈ ‘ಜ಼’ ತಪ್ಪಿದರೆ ಅರ್ಥವೇ ಕೆಡುತ್ತದೆ. ‘ಇಲ್ ಜ಼ೋಂ’ ಎಂದರೆ ‘ಅವರಿಗೆ ಇದೆ’. ‘ಇಲ್ ಸೋಂ’ ಎಂದರೆ ‘ಅವರು ಇದ್ದಾರೆ’. ನನ್ನ ಬಾಯಲ್ಲಿ ಮೊದಲನೆಯದು ‘ಇಲ್ ಜೋಂ’ ಎಂದೇ ಬರುತ್ತಿತ್ತು. ಇದನ್ನು ತಿದ್ದಿದವರು ಸೂಪರ್ ಮಾರ್ಕೆಟ್ ಬಳಿ ಹೊಲಿಗೆ ಅಂಗಡಿ ಇಟ್ಟಿರುವ, ಉರ್ದು ಮನೆಮಾತಿನ ಚಾಚಾ. ‘ಜಮೀನ್ ಅಲ್ರೀ ಸರ್, ಜ಼ಮೀನ್. ನಾಲಿಗಿ ಹಲ್ಲಿಗೆ ಬಡೀಬ್ಯಾಡ್ರಿ, ಗಾಳಿ ಬಿಡ್ರಿ’ ಎಂದು, ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡೇ ನಾಲ್ಕೈದು ಸಲ ಹೇಳಿಸಿದರು. ಗಂಟಲ ಮೇಲೆ ಬೆರಳಿಟ್ಟರೆ ‘ಸ’ಕ್ಕೆ ಇಲ್ಲದ ನಡುಕ ‘ಜ಼’ಕ್ಕೆ ತಿಳಿಯುತ್ತದೆ. ‘ಓಂ’ ಎಂಬಲ್ಲಿ ತುಟಿ ಮುಚ್ಚದೆ ಮೂಗಿನಲ್ಲೇ ಬಿಡಬೇಕಾದ ಸ್ವರಕ್ಕೂ ಅವರ ‘ಹಾಂ’, ‘ಮಾಂ’ಗಳೇ ಮಾದರಿಯಾದವು, ಅವ್ವಾರ್‌ನ ಕೊನೆಯ, ಗಂಟಲಿನಿಂದ ಹೊರಡುವ ರೇಫೆಗೆ ‘ಗ಼ರೀಬ್’ನ ಮೊದಲ ಅಕ್ಷರ ನೆರವಾಯಿತು.

ಉಳಿದಿರುವುದು ಇದರ ಭೂತಕೃದಂತ, ಅಂದರೆ ನಮ್ಮ ‘ಮಾಡಿದ’, ‘ಬಂದ’ ಎಂಬಂಥ ರೂಪ. ಬರೆಯುವುದಕ್ಕೆ ಎರಡು ಅಕ್ಷರ, ಉಚ್ಚರಿಸುವುದಕ್ಕೆ ಒಂದೇ ಸ್ವರ: ನಾಲಿಗೆಯನ್ನು ‘ಈ’ ಎಂಬಲ್ಲಿಟ್ಟು ತುಟಿಗಳನ್ನು ‘ಊ’ ಎನ್ನುವಂತೆ ದುಂಡಾಗಿಸಬೇಕು. ಈ ಸ್ವರ ಉರ್ದುವಿನಲ್ಲೂ ಇಲ್ಲವಾದ್ದರಿಂದ ಚಾಚಾ ಕೈಚೆಲ್ಲಿದ್ದಾರೆ. ಸದ್ಯಕ್ಕೆ ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯ ಮುಂದೆ ತುಟಿ ಚೂಪು ಮಾಡಿ ನಿಲ್ಲುತ್ತಿದ್ದೇನೆ.